ಜಾಲತಾಣ ಇದ್ದರೂ ಆಪ್ ಏಕೆ?



ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಹಬ್ಬಕ್ಕೆ ಬಟ್ಟೆ ಕಳಿಸೋಣವೆಂದು ಫೋನಿನಲ್ಲಿ ಒಂದು ಅಂಗಡಿಯ ಜಾಲತಾಣ ತೆರೆಯುತ್ತೀರಿ. ಬಟ್ಟೆ ಕಾಣುವ ಮೊದಲೇ "ನಮ್ಮ ಆಪ್ ಹಾಕಿಕೊಳ್ಳಿ" ಎಂಬ ಒತ್ತಾಯ ಅಡ್ಡ ಬರುತ್ತದೆ. ತಾಣ ಚೆನ್ನಾಗಿಯೇ ಇರುವಾಗ ಕಂಪೆನಿಗಳಿಗೆ ಈ ಹಠವೇಕೆ?

ಬ್ರೌಸರ್ ಮುಚ್ಚಿದರೆ ಗಿರಾಕಿ ಅಂಗಡಿಯಿಂದ ಹೊರಟಂತೆ. ಆಪ್ ಹಾಗಲ್ಲ. ಅದರ ಚಿಹ್ನೆ ಸದಾ ಕಣ್ಣೆದುರು ಇರುತ್ತದೆ, ನೋಟಿಫಿಕೇಶನ್ ಕಳಿಸಿ ಮತ್ತೆ ಮತ್ತೆ ಕರೆಯುತ್ತದೆ. ನೀವು ಒಮ್ಮೆ ಒಪ್ಪಿದರೆ ಕಾಂಟ್ಯಾಕ್ಟ್ ಪಟ್ಟಿಯನ್ನೂ ನೀವಿರುವ ಸ್ಥಳವನ್ನೂ ಓದಬಲ್ಲದು. ಬ್ರೌಸರಿಗೆ ಹಾಕಿಕೊಂಡ ಜಾಹೀರಾತು ತಡೆ ಆಪ್‌ನೊಳಗೆ ಕೆಲಸ ಮಾಡುವುದಿಲ್ಲ. ಹಾಗೆಂದು ಆಪ್‌ಗಳೆಲ್ಲ ಕೆಟ್ಟವಲ್ಲ. ನೆಟ್‌ವರ್ಕ್ ಇಲ್ಲದೆಡೆ ನಕ್ಷೆ ನೋಡಲು, ದಿನವೂ ಬ್ಯಾಂಕ್ ವ್ಯವಹಾರ ಮಾಡಲು ಅವು ಅನುಕೂಲವೇ.

ಈ ಹಠದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಮಿಂತ್ರಾ ಕಂಪೆನಿ 2015ರ ಮೇ ತಿಂಗಳಲ್ಲಿ ತನ್ನ ಜಾಲತಾಣವನ್ನು ಮುಚ್ಚಿ, ಖರೀದಿ ಆಪ್‌ನಲ್ಲಿ ಮಾತ್ರ ಎಂದಿತು. ದೊಡ್ಡ ಪರದೆಯಲ್ಲಿ ನಿಧಾನವಾಗಿ ನೋಡಿ ಕೊಳ್ಳುವ ಗಿರಾಕಿಗಳು ಬೇಕೆಂದು ಅದಕ್ಕೆ ಮನವರಿಕೆಯಾಗಿ, 2016ರ ಜೂನ್‌ನಲ್ಲಿ ತಾಣ ಮತ್ತೆ ತೆರೆಯಿತು. ಅದರ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ 2015ರಲ್ಲಿ ಮೊಬೈಲ್ ತಾಣವನ್ನು ನಿಲ್ಲಿಸಿ, ಅದೇ ವರ್ಷದ ನವೆಂಬರಿನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ಹೆಸರಿನಲ್ಲಿ ಮರಳಿ ತಂದಿತು. ಬ್ರೌಸರಿನಲ್ಲೇ ತೆರೆದು ಆಪ್‌ನಂತೆ ವೇಗವಾಗಿ ನಡೆಯುವ ಈ ಬಗೆಯನ್ನು ಪ್ರೊಗ್ರೆಸಿವ್ ವೆಬ್ ಆಪ್ ಎನ್ನುತ್ತಾರೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಜಾಲತಾಣಕ್ಕೆ ಸಾಮಾನ್ಯವಾಗಿ ವಿಳಾಸ ಗೊತ್ತಿದ್ದರೆ ಸಾಕು. ಆಪ್ ಸ್ಟೋರ್ ಮಾತ್ರ ನಿಮ್ಮ ಖಾತೆ ಯಾವ ದೇಶದ್ದೆಂದು ನೋಡುತ್ತದೆ. ಭಾರತಕ್ಕಷ್ಟೇ ಬಿಡುಗಡೆಯಾದ ಆಪ್ ಅಮೆರಿಕದ ಖಾತೆಗೆ ಸಿಗುವುದಿಲ್ಲ. ತಾಣವೂ ಮುಚ್ಚಿದರೆ, ಇಲ್ಲಿಂದ ತಂದೆ-ತಾಯಿಗೆ ಔಷಧಿ ತರಿಸುವ ದಾರಿಯೇ ಮುಚ್ಚಿದಂತೆ.

ಕೆಲವು ಸಲಹೆಗಳು:

* ಅಪರೂಪಕ್ಕೆ ಬೇಕಾದ ಸೇವೆಗೆ ಬ್ರೌಸರನ್ನೇ ಬಳಸಿ. ಒತ್ತಾಯ ಹೆಚ್ಚಾದರೆ ಮೆನುವಿನಲ್ಲಿ 'ಡೆಸ್ಕ್‌ಟಾಪ್ ಸೈಟ್' ಆರಿಸಿ ನೋಡಿ.
* ಪದೇ ಪದೇ ಬೇಕಾದ ತಾಣವನ್ನು 'ಹೋಮ್ ಸ್ಕ್ರೀನ್'ಗೆ ಸೇರಿಸಿಕೊಳ್ಳಿ.
* ಬಟ್ಟೆ ಮಾರುವ ಆಪ್ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಬೇಡವೆನ್ನಿ.
* ರಜೆಗೆ ಊರಿಗೆ ಹೋದಾಗ ಹಿರಿಯರ ಫೋನನ್ನೂ ಒಮ್ಮೆ ನೋಡಿ, ಬೇಡದ ಆಪ್‌ಗಳನ್ನು ಅವರನ್ನು ಕೇಳಿಯೇ ತೆಗೆಯಿರಿ.

ತಾಣ ಬೇಕೆಂದು ಕಂಪೆನಿಗೆ ಎರಡು ಸಾಲು ಬರೆಯಿರಿ. ಮುಚ್ಚಿದ ಬಾಗಿಲು ಮತ್ತೆ ತೆರೆದ ಉದಾಹರಣೆ ನಮ್ಮೂರಿನದೇ ಇದೆಯಲ್ಲ!