ಸಾಲದ ಕಂತೂ ದವಾಖಾನೆಯ ಖರ್ಚೂ

ಸಿಂದಗಿ ತಾಲೂಕಿನ ಮೋರಟಗಿಯ ಸುತ್ತಲಿನ ಎರೆಭೂಮಿಯಲ್ಲಿ ಒಕ್ಕಲುತನವೊಂದನ್ನೇ ನಂಬಿ ಬಾಳುವ ಕುಟುಂಬಕ್ಕೆ ಹಣದ ಮುಖ ಕಾಣುವುದು ತೊಗರಿಯ ರಾಶಿಯಾದಾಗ ಒಮ್ಮೆ, ಹಿಂಗಾರಿಯ ಬಿಳಿಜೋಳ ಮನೆ ಸೇರಿದಾಗ ಇನ್ನೊಮ್ಮೆ. ಆದರೆ ವ್ಯಾಧಿಯಾಗಲಿ, ಸಾಲದ ಕಂತಾಗಲಿ ಸುಗ್ಗಿಯ ದಾರಿ ಕಾಯುವುದಿಲ್ಲ. ಈ ಕಾಲವೈಷಮ್ಯವೇ ಬಡ ರೈತನ ಸಂಸಾರದ ಮೂಲಸಂಕಟವೆಂದು ನನ್ನ ದೃಢವಾದ ಅಭಿಪ್ರಾಯ.

ಪರಸ್ಪರ ವಿಶ್ವಾಸವನ್ನೇ ಆಧಾರವಾಗಿಟ್ಟುಕೊಂಡು ಸಾಲ ಕೊಡುವ ಪದ್ಧತಿ ನಮ್ಮ ನಾಡಿಗೆ ನೂತನವಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ್ದರು. 1992ರಲ್ಲಿ ನಬಾರ್ಡ್ ಸಂಸ್ಥೆಯು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸಲಾರಂಭಿಸಿದ ಮೇಲೆ, ಅಡವಿಡಲು ಏನೂ ಇಲ್ಲದ ಹೆಣ್ಣುಮಕ್ಕಳಿಗೂ ಸಾಲ ದೊರೆಯತೊಡಗಿತು.

ಎಮ್ಮೆ ಕೊಳ್ಳಲೆಂದೋ ಬೀಜ-ಗೊಬ್ಬರಕ್ಕೆಂದೋ ತಂದ ಆ ಹಣ, ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ, ನೇರವಾಗಿ ದವಾಖಾನೆಯ ಪಾಲಾಗುತ್ತದೆ. ಇದನ್ನು ದುರ್ವಿನಿಯೋಗವೆಂದು ಜರೆಯುವುದು ನಿರ್ದಯತೆ; ನರಳುವ ಮಗುವನ್ನು ಎದುರಿಗಿಟ್ಟುಕೊಂಡು ಯಾವ ತಾಯಿ ಗೊಬ್ಬರದ ಲೆಕ್ಕ ಹಾಕಿಯಾಳು? ಎಮ್ಮೆ ಹಾಲು ಕೊಟ್ಟು ತನ್ನ ಸಾಲವನ್ನು ತಾನೇ ತೀರಿಸೀತು. ವಾಸಿಯಾದ ಜ್ವರವಾದರೋ ಏನನ್ನೂ ದುಡಿದು ಕೊಡದು, ಮಲಗಿದ್ದಷ್ಟು ದಿನದ ಕೂಲಿಯನ್ನೂ ಕಳೆದಿರುತ್ತದೆ. ಆಮೇಲೆ ಒಂದು ಮೈಕ್ರೋಫೈನಾನ್ಸ್ ಕಂಪನಿಯ ಕಂತಿಗಾಗಿ ಮತ್ತೊಂದರ ಬಾಗಿಲು.

2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಪುನರುಜ್ಜೀವನ ಪಡೆದ ಯಶಸ್ವಿನಿ ಆರೋಗ್ಯ ಯೋಜನೆಯೂ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ನಿಜಕ್ಕೂ ಮಹದುಪಕಾರಗಳು. ಆದರೆ ಅವುಗಳ ಆಶ್ರಯ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಸಕ್ಕರೆ ಕಾಯಿಲೆಯವರು ಅಂಗಡಿಯಲ್ಲಿ ಕೊಳ್ಳುವ ಗುಳಿಗೆ, ವಿಜಯಪುರಕ್ಕೋ ಕಲಬುರಗಿಗೋ ಹೋಗಿಬರುವ ಬಸ್ಸಿನ ಖರ್ಚು, ಜೊತೆಗಿದ್ದವರ ಊಟ, ಇವೆಲ್ಲ ಕೈಯಿಂದಲೇ ಹೋಗಬೇಕು.

ಮೈಕ್ರೋಫೈನಾನ್ಸ್ ಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಕಂತು ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಆದರೆ ಮಾಸಿಕ ಆದಾಯವೆಂಬುದೇ ಇಲ್ಲದ ಒಣಬೇಸಾಯದ ರೈತನಿಗೆ, ರಾಶಿಯ ತರುವಾಯ ಸಲ್ಲುವಂತೆ ಕಂತನ್ನು ಗೊತ್ತುಪಡಿಸುವುದೇ ನ್ಯಾಯ. ಪ್ರತಿಯೊಂದು ಸ್ವಸಹಾಯ ಸಂಘವೂ ತನ್ನ ಉಳಿತಾಯದಲ್ಲಿ ಒಂದಂಶವನ್ನು ಸದಸ್ಯರ ಕಾಯಿಲೆ-ಕಸಾಲೆಗೆಂದು ಬೇರೆಯಾಗಿಡಲಿ. ಬಿಪಿಎಲ್ ಚೀಟಿಯಿದ್ದೂ ಆಯುಷ್ಮಾನ್ ಕಾರ್ಡು ಮಾಡಿಸದವರು, ರೋಗ ಬರುವ ಮುನ್ನವೇ, ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.