ಅಂಗೈಯೊಳಗಿನ ಏರಿಯಲ್

ಒಂದು ಕಾಲದಲ್ಲಿ ಮನೆಗೆ ರೇಡಿಯೊ ಬಂದಿತೆಂದರೆ ಮೊದಲ ಸಂಭ್ರಮವೆಲ್ಲ ಛಾವಣಿಯ ಮೇಲೆಯೇ. ಈ ಮೂಲೆಯ ಗಳುವಿನಿಂದ ಆ ಮೂಲೆಯ ತೆಂಗಿನ ಮರದವರೆಗೆ ಏರಿಯಲ್ ತಂತಿ ಬಿಗಿದ ಮೇಲೆಯೇ ಪೆಟ್ಟಿಗೆಯಿಂದ ಹಾಡು ಸ್ಪಷ್ಟವಾಗಿ ಹೊರಡುತ್ತಿದ್ದುದು. ಇಂದು ಜೇಬಿನಲ್ಲಿರುವ ಮೊಬೈಲ್ ಫೋನಿಗೆ ತಂತಿಯೂ ಇಲ್ಲ, ಗಳುವೂ ಇಲ್ಲ. ಹಾಗಾದರೆ ಅದರ ಏರಿಯಲ್ ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿಲ್ಲ, ಮುದುಡಿಕೊಂಡು ಒಳಗೇ ಕುಳಿತಿದೆ. ಆದರೆ ಅದನ್ನು ಹಾಗೆ ಕೂರಿಸಿದ್ದು ಸಾಮಾನ್ಯ ಸಾಹಸವಲ್ಲ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಹಿಡಿಯಲು ಮಾರ್ಕೋನಿಯು ನ್ಯೂಫೌಂಡ್‌ಲೆಂಡಿನ ಗುಡ್ಡದ ಮೇಲೆ ಗಾಳಿಪಟ ಹಾರಿಸಿ, ಸುಮಾರು 500 ಅಡಿ ತಂತಿಯನ್ನು ಆಕಾಶಕ್ಕೇರಿಸಬೇಕಾಯಿತು. ಉದ್ದನೆಯ ಅಲೆಗೆ ಉದ್ದನೆಯ ಏರಿಯಲ್ ಒಪ್ಪುತ್ತದೆ. ಅಲೆಯ ಉದ್ದದ ಕಾಲು ಭಾಗದಷ್ಟು ಲೋಹವಿದ್ದರೆ ಅದು ಚೆನ್ನಾಗಿ ಮಿಡಿಯುತ್ತದೆ.

ಫೋನಾದರೋ ಒಂದೇ ಅಲೆಯನ್ನು ನಂಬಿ ಬಾಳುವಂತಿಲ್ಲ. 700 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಸುಮಾರು 11 ಸೆಂಟಿಮೀಟರು. 3,500 ಮೆಗಾಹರ್ಟ್ಸಿನದು ಎರಡೇ ಸೆಂಟಿಮೀಟರು. ಒಂದೊಂದಕ್ಕೂ ಬೇರೆ ಏರಿಯಲ್ ಇಡೋಣವೆಂದರೆ ಬ್ಯಾಟರಿ, ಕ್ಯಾಮೆರಾಗಳ ನಡುವೆ ಸ್ಥಳವಿಲ್ಲ. ಒಂದೇ ಪುಟ್ಟ ಏರಿಯಲ್ ಎಲ್ಲವನ್ನೂ ಒಟ್ಟಿಗೆ ಹಿಡಿಯಲೆಂದರೆ ಗಣಿತ ಅಡ್ಡ ಬರುತ್ತದೆ. ವೀಲರ್ 1947ರಲ್ಲಿಯೂ ಚು 1948ರಲ್ಲಿಯೂ ತೋರಿಸಿಕೊಟ್ಟ ಮಿತಿ ಇದು: ಗಾತ್ರ ಕಿರಿದಾದಷ್ಟೂ ಏರಿಯಲ್ ಸ್ಪಂದಿಸುವ ಕಂಪನಾಂಕಗಳ ಹರವೂ ಕಿರಿದಾಗುತ್ತದೆ. ಹರವನ್ನು ಬಲವಂತವಾಗಿ ಹಿಗ್ಗಿಸಿದರೆ ಶಕ್ತಿ ಪೋಲಾಗುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವನ್ನು ನಮ್ಮ ಕೊಳಲಿನಿಂದ ತಿಳಿಯಬಹುದು. ಬಿದಿರಿನ ನಳಿಗೆ ಒಂದೇ. ಬೆರಳು ರಂಧ್ರವನ್ನು ಮುಚ್ಚಿ ತೆರೆದಂತೆ ಒಳಗಿನ ಗಾಳಿಯ ಉದ್ದ ಬದಲಾಗಿ ಬೇರೆ ಬೇರೆ ಸ್ವರ ಹೊರಡುತ್ತದೆ. ಎಲ್ಲ ಸ್ವರವೂ ಒಮ್ಮೆಗೇ ಬೇಕಾಗಿಲ್ಲ. ಬೇಕಾದುದು ಬೇಕಾದಾಗ ಬಂದರೆ ಸಾಕು. ರೂಪ ಬದಲಿಸುವ ಏರಿಯಲ್‌ಗಳ ಮರ್ಮವೂ ಇದೇ. ಇಲ್ಲಿ ಬೆರಳಿನ ಕೆಲಸ ಮಾಡುವುದು ಸೂಕ್ಷ್ಮವಾದ ಸ್ವಿಚ್ಚುಗಳು. ಪಿನ್ ಡಯೋಡಿಗೆ ವಿದ್ಯುತ್ ಹರಿಸಿದರೆ ಲೋಹದ ಎರಡು ತುಂಡುಗಳು ಕೂಡಿ ಏರಿಯಲ್ ಉದ್ದವಾಗುತ್ತದೆ, ನಿಲ್ಲಿಸಿದರೆ ಮೊಟಕಾಗುತ್ತದೆ. ವ್ಯಾರಕ್ಟರ್ ಡಯೋಡಾದರೆ ವೋಲ್ಟೇಜು ಬದಲಾದಂತೆ ತಂಬೂರಿಯ ಬಿರಡೆ ತಿರುವಿದ ಹಾಗೆ ನಯವಾಗಿ ಶ್ರುತಿಗೂಡಿಸುತ್ತದೆ. ಕಂಪನಾಂಕವನ್ನಷ್ಟೇ ಅಲ್ಲ, ಅಲೆ ಹೊರಡುವ ದಿಕ್ಕನ್ನೂ ಇಂತಹ ಸ್ವಿಚ್ಚುಗಳಿಂದ ತಿರುಗಿಸಬಹುದು.

ಇನ್ನೊಂದು ವೈರಿ ನಮ್ಮ ಕೈಯೇ! ನೀರಿನಂಶ ತುಂಬಿದ ಅಂಗೈ ಏರಿಯಲ್ಲನ್ನು ಆವರಿಸಿದೊಡನೆ ಅದರ ಶ್ರುತಿ ಕೆಳಗಿಳಿಯುತ್ತದೆ, ಶಕ್ತಿಯ ಒಂದು ಪಾಲನ್ನು ಕೈ ಹೀರಿಕೊಳ್ಳುತ್ತದೆ. ಆಗ ಫೋನು ಗಟ್ಟಿಯಾಗಿ ಕೂಗಬೇಕಾಗಿ ಬಂದು ಬ್ಯಾಟರಿ ಬೇಗ ಬರಿದಾಗುತ್ತದೆ. ಮಾತು ನಡುವೆಯೇ ಕಡಿಯುವುದೂ ಉಂಟು. ಕೆಟ್ಟ ಶ್ರುತಿಯನ್ನು ಸ್ವಿಚ್ಚು ಸರಿಪಡಿಸಬಲ್ಲದು. ಕೈ ಹೀರಿದ್ದನ್ನು ಮಾತ್ರ ಮರಳಿ ತರಲಾರದು.

ಉಪಾಯಕ್ಕೂ ಬೆಲೆಯುಂಟು. ಪ್ರತಿ ಸ್ವಿಚ್ಚೂ ತನ್ನ ಪಾಲಿನ ಸುಂಕವೆಂಬಂತೆ ಶಕ್ತಿಯನ್ನು ಕೊಂಚ ನುಂಗುತ್ತದೆ. ಅದಕ್ಕೆ ವಿದ್ಯುತ್ ಒಯ್ಯುವ ತಂತಿಗಳೇ ಅಲೆಗಳನ್ನು ಕದಡುವುದೂ ಉಂಟು. ಆದುದರಿಂದ ಎಷ್ಟು ಸ್ವಿಚ್ಚು, ಯಾವ ಸ್ಥಳದಲ್ಲಿ ಎಂಬ ಲೆಕ್ಕಾಚಾರದಲ್ಲಿಯೇ ವಿನ್ಯಾಸಕಾರನ ಜಾಣ್ಮೆಯೆಲ್ಲ ಅಡಗಿದೆ. ನಿಸರ್ಗದ ಮಿತಿಯನ್ನು ಅವನು ಮುರಿಯಲಿಲ್ಲ. ಅದರೊಡನೆ ಒಪ್ಪಂದ ಮಾಡಿಕೊಂಡ.

ರಾತ್ರಿಯ ಬಸ್ಸಿನಿಂದಿಳಿದ ಮಗಳು, “ಅಮ್ಮಾ, ತಲುಪಿದೆ” ಎಂದು ಹೇಳುವ ಆ ಎರಡು ಮಾತುಗಳು ಮನೆ ಮುಟ್ಟುವಾಗ, ಕಾಣದ ಬೆರಳುಗಳು ಕಾಣದ ಕೊಳಲನ್ನು ನುಡಿಸುತ್ತಿರುತ್ತವೆ.