ಮುದ್ರೆಯೂ ಲೇಖವೂ: ಕ್ಲೌಡ್ ವಾಲೆಟ್ಟಿನಿಂದ ಸ್ಮಾರ್ಟ್ ಕಾಂಟ್ರಾಕ್ಟಿಗೆ ವ್ಯವಹಾರ ಕಳುಹಿಸುವ ಕ್ರಮ

ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಕಥೆಯು ವಾಚಕರಿಗೆ ತಿಳಿದುದೇ ಆಗಿದೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ, ಅವನಿಗೆ ಉದ್ದೇಶವು ತಿಳಿಯದಂತೆ, ಒಂದು ಪತ್ರವು ಬರೆಯಿಸಲ್ಪಟ್ಟು ಆ ಉಂಗುರದಿಂದ ಮುದ್ರಿತವಾಗುತ್ತದೆ. ಅಕ್ಷರವೂ ನಿಜ, ಮುದ್ರೆಯೂ ನಿಜ. ಅಭಿಪ್ರಾಯ ಮಾತ್ರ ಪರಕೀಯ. ಇಲ್ಲಿ ದೋಷಗಳು ಎರಡು: ಮುದ್ರೆಯು ಒಡೆಯನ ಕಾವಲು ತಪ್ಪಿದುದು ಒಂದು, ಬರೆದವನು ಅರ್ಥವನ್ನರಿಯದೆ ಬರೆದುದು ಮತ್ತೊಂದು. ಈಚೆಗೆ ಬಳಕೆಗೆ ಬಂದಿರುವ ಬ್ಲಾಕ್‌ಚೈನ್ ವ್ಯವಹಾರಗಳಲ್ಲಿಯೂ ಈ ಎರಡು ದೋಷಗಳು ಸಂಭವಿಸುತ್ತವೆ. ಕ್ಲೌಡ್ ವಾಲೆಟ್ ಎಂಬ ಏರ್ಪಾಡು ಇವುಗಳಲ್ಲಿ ಯಾವುದನ್ನು ನಿವಾರಿಸುತ್ತದೆ, ಯಾವುದನ್ನು ನಿವಾರಿಸದು ಎಂಬುದೇ ಪ್ರಕೃತ ವಿಚಾರ.

ಮೊದಲು ಪದಗಳ ಅರ್ಥನಿರ್ಣಯ. ಬ್ಲಾಕ್‌ಚೈನ್ ಎಂಬುದು ಅನೇಕ ಕಂಪ್ಯೂಟರುಗಳು ಏಕರೂಪವಾಗಿ ಇಟ್ಟುಕೊಂಡು ಬರುವ ಲೆಕ್ಕದ ಪುಸ್ತಕ. ಒಮ್ಮೆ ನೆಲೆಗೊಂಡ ಬರಹವನ್ನು ಒಬ್ಬನ ಇಚ್ಛೆಯಿಂದ ಅಳಿಸಲಾಗದು. ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಮಾತನ್ನು ೧೯೯೦ರ ದಶಕದಲ್ಲಿ ಬಳಕೆಗೆ ತಂದವನು ನಿಕ್ ಸಾಬೊ. ೨೦೧೫ನೆಯ ಇಸವಿ ಜುಲೈ ೩೦ರಂದು ಪ್ರಾರಂಭವಾದ ಎಥೀರಿಯಂ ಜಾಲದಲ್ಲಿ ಅದಕ್ಕೆ ವ್ಯಾಪಕವಾದ ಪ್ರಯೋಗವು ದೊರೆಯಿತು. ಹೆಸರು ಒಪ್ಪಂದವೆಂದಿದ್ದರೂ ವಸ್ತುತಃ ಅದು ಆ ಪುಸ್ತಕದಲ್ಲಿಯೇ ನೆಲೆಗೊಂಡ ಒಂದು ಪ್ರೋಗ್ರಾಮು. ವಿಧಿವತ್ತಾದ ಪತ್ರವು ಬಂದೊಡನೆ ನಿಯಮದಂತೆ ನಡೆಯುವುದೇ ಹೊರತು ಮುಖ ನೋಡುವುದಿಲ್ಲ. ವಾಲೆಟ್ ಎಂದರೆ ಹಣದ ಚೀಲ. ಆದರೆ ಇಲ್ಲಿ ಹಣವು ಅದರೊಳಗಿಲ್ಲ, ಸಹಿ ಮಾಡುವ ಗುಪ್ತಕೀಲಿ ಮಾತ್ರವಿದೆ. ಈ ಕೀಲಿಯು ೨೫೬ ಬಿಟ್ಟುಗಳ ಒಂದು ಸಂಖ್ಯೆ. ಅದರಿಂದ ಬಹಿರಂಗ ಕೀಲಿಯೂ, ಬಹಿರಂಗ ಕೀಲಿಯಿಂದ ೨೦ ಬೈಟುಗಳ ವಿಳಾಸವೂ ಗಣಿತಕ್ರಮದಿಂದ ಹುಟ್ಟುತ್ತವೆ.

ಈ ವಿಳಾಸದಿಂದ ಕಾಂಟ್ರಾಕ್ಟಿಗೆ ಹೋಗುವ ಪತ್ರದಲ್ಲಿ ಹಲವು ಅಂಗಗಳುಂಟು: ಜಾಲವನ್ನು ಸೂಚಿಸುವ ಅಂಕ, ಆ ವಿಳಾಸದಿಂದ ಹೊರಟ ಪತ್ರಗಳ ಕ್ರಮಾಂಕ, ಕಾಂಟ್ರಾಕ್ಟಿನ ವಿಳಾಸ, ಹಣದ ಮೊತ್ತ, ಗ್ಯಾಸ್ ಎಂಬ ಶುಲ್ಕದ ಮಿತಿ, ಕಡೆಯಲ್ಲಿ ಆಜ್ಞಾಭಾಗ. ವಾಕ್ಯದಲ್ಲಿ ಕ್ರಿಯಾಪದವೂ ಕಾರಕಗಳೂ ಇರುವಂತೆ, ಆಜ್ಞಾಭಾಗದ ಮೊದಲ ೪ ಬೈಟುಗಳು ಯಾವ ಕ್ರಿಯೆಯೆಂಬುದನ್ನೂ ಮುಂದಿನವು ಯಾರಿಗೆ, ಎಷ್ಟು ಎಂಬುದನ್ನೂ ಹೇಳುತ್ತವೆ. ಕ್ರಮಾಂಕವು ಒಂದೇ ಪತ್ರವು ಎರಡು ಸಲ ನಡೆಯದಂತೆ ತಡೆಯುತ್ತದೆ. ಒಂದೇ ವಾಲೆಟ್ಟಿನಿಂದ ಎರಡು ಪತ್ರಗಳು ಒಂದೇ ಕ್ರಮಾಂಕದಲ್ಲಿ ಹೊರಟರೆ ಒಂದು ಮಾತ್ರ ಸಲ್ಲುವುದು. ಕ್ರಿಯೆಯು ನಡುವೆ ವಿಫಲವಾದರೂ ಅದುವರೆಗಿನ ಕೆಲಸದ ಶುಲ್ಕವು ಮರಳದು.

ಇನ್ನು ಸಹಿಯ ವಿಚಾರ. ಗುಪ್ತಕೀಲಿಯನ್ನು ಕಾರ್ಯಾಲಯದ ಕಂಪ್ಯೂಟರಿನಲ್ಲಿಟ್ಟರೆ, ಅದನ್ನು ನಕಲು ಮಾಡಿಕೊಂಡವನೂ ಒಡೆಯನೇ ಆಗುತ್ತಾನೆ. ಆದುದರಿಂದ ಅಮೆಜಾನ್, ಗೂಗಲ್ ಮೊದಲಾದ ಸಂಸ್ಥೆಗಳ ಕ್ಲೌಡ್ ಕೀಲಿಭಂಡಾರಗಳನ್ನು ಆಶ್ರಯಿಸುವ ಕ್ರಮವು ಬಂದಿದೆ. ಅಲ್ಲಿ ಕೀಲಿಯು ಭದ್ರಯಂತ್ರದೊಳಗೆ ಹುಟ್ಟಿ ಅಲ್ಲಿಯೇ ಉಳಿಯುತ್ತದೆ. ಒಡೆಯನೂ ಅದನ್ನು ಕಾಣನು. ಅವನ ಪ್ರೋಗ್ರಾಮು ಪತ್ರವನ್ನು ರಚಿಸಿ, ಕೆಚ್ಚಾಕ್ ಎಂಬ ಕ್ರಮದಿಂದ ಅದನ್ನು ಹ್ಯಾಷ್ ಎಂಬ ೩೨ ಬೈಟುಗಳ ಸಾರಸಂಖ್ಯೆಯನ್ನಾಗಿ ಮಾಡಿ, ಅದನ್ನು ಮಾತ್ರ ಭಂಡಾರಕ್ಕೆ ಕಳುಹಿಸುತ್ತದೆ. ಭಂಡಾರವು ಕೇಳಿದವನಿಗೆ ಅಧಿಕಾರವುಂಟೆ ಎಂದು ನೋಡಿ, ಎರಡು ಸಂಖ್ಯೆಗಳ ರೂಪದಲ್ಲಿ ಸಹಿಯನ್ನು ಕೊಡುತ್ತದೆ. ಇವುಗಳಲ್ಲಿ ಎರಡನೆಯದು ಎಥೀರಿಯಂ ವಿಧಿಸಿದ ಮಿತಿಯನ್ನು ಮೀರಿದ್ದರೆ ಪ್ರೋಗ್ರಾಮೇ ಅದನ್ನು ಸರಿಪಡಿಸಬೇಕು. ಸಹಿಯಿಂದ ವಿಳಾಸವನ್ನು ಗುರುತಿಸಲು ಬೇಕಾದ ಮೂರನೆಯ ಅಂಕವನ್ನು ಭಂಡಾರವು ಕೊಡದು. ಎರಡು ವಿಕಲ್ಪಗಳನ್ನೂ ಪರೀಕ್ಷಿಸಿ, ತನ್ನ ವಿಳಾಸವೇ ದೊರೆಯುವುದನ್ನು ಆರಿಸಬೇಕು. ಬಳಿಕ ಸಹಿಯುಳ್ಳ ಪತ್ರವು ಜಾಲಕ್ಕೆ ಹೋಗುತ್ತದೆ.

ಕೀಲಿಯು ಇಷ್ಟು ಭದ್ರವಾದ ಮೇಲೆ ಭಯವೆಲ್ಲಿಯದು ಎಂದು ಶಂಕೆ ಬರಬಹುದು. ಅದಕ್ಕೆ ಸಮಾಧಾನವಿದು: ಭಂಡಾರಕ್ಕೆ ತಲಪಿದುದು ಹ್ಯಾಷ್ ಮಾತ್ರ. ಅಲ್ಪಧನದ ವರ್ಗಾವಣೆಯೋ ಸರ್ವಸ್ವದಾನವೋ ಎಂಬ ಭೇದವು ಆ ೩೨ ಬೈಟುಗಳಲ್ಲಿ ಕಾಣುವುದಿಲ್ಲ. ಅಧಿಕಾರವುಳ್ಳ ಪ್ರೋಗ್ರಾಮನ್ನು ಶತ್ರುವು ವಶಪಡಿಸಿಕೊಂಡರೆ, ಕೀಲಿಯನ್ನು ಕದಿಯದೆಯೇ ಸಹಿಯನ್ನು ಪಡೆಯಬಲ್ಲನು. ಅರ್ಥವನ್ನರಿಯದ ಸಹಿಯ ಅಪಾಯವು ಬರಿಯ ಊಹೆಯಲ್ಲ. ೨೦೨೫ನೆಯ ಇಸವಿ ಫೆಬ್ರವರಿ ೨೧ರಂದು ಬೈಬಿಟ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು ೧೫೦ ಕೋಟಿ ಡಾಲರು ಬೆಲೆಯ ಈಥರ್ ನಾಣ್ಯಗಳು ಅಪಹೃತವಾದುವು. ಅಲ್ಲಿದ್ದುದು ಹಲವರು ಕೂಡಿ ಸಹಿ ಮಾಡುವ ಬೇರೊಂದು ಏರ್ಪಾಡು. ಅವರ ಕೀಲಿಗಳು ಕಳವಾಗಲಿಲ್ಲ. ಅವರ ಕಣ್ಣಮುಂದಿನ ಪುಟವನ್ನು ಶತ್ರುಗಳು ತಿದ್ದಿದ್ದರು. ಎಂದಿನ ವರ್ಗಾವಣೆಯೆಂದು ನಂಬಿದವರು, ವಾಲೆಟ್ಟಿನ ನಿಯಮವನ್ನೇ ಬದಲಿಸುವ ಪತ್ರಕ್ಕೆ ತಾವೇ ಸಹಿಯಿಟ್ಟರು.

ಆದುದರಿಂದ ಅರ್ಥಪರೀಕ್ಷೆಯು ಹ್ಯಾಷ್ ಮಾಡುವುದಕ್ಕೆ ಮುಂಚೆಯೇ ನಡೆಯತಕ್ಕದ್ದು. ಆಜ್ಞಾಭಾಗವನ್ನು ಬಿಡಿಸಿ ಓದುವುದು. ಒಪ್ಪಿಗೆಯಾದ ಕಾಂಟ್ರಾಕ್ಟುಗಳಿಗೂ ಕ್ರಿಯೆಗಳಿಗೂ ಮೊತ್ತಗಳಿಗೂ ಮಾತ್ರ ಎಡೆಕೊಡುವುದು. ಪತ್ರದ ಫಲವನ್ನು ಮೊದಲೇ ಪರೀಕ್ಷಾರ್ಥವಾಗಿ ನಡೆಸಿ ನೋಡುವುದು. ಪತ್ರವನ್ನು ರಚಿಸುವವರಿಂದ ಅನುಮತಿ ಕೊಡುವವರನ್ನು ಬೇರ್ಪಡಿಸಿ, ಇಬ್ಬರೂ ಒಂದೇ ಪುಟವನ್ನು ನಂಬದಂತೆ ಏರ್ಪಡಿಸುವುದು—ಇವು ಮುಖ್ಯೋಪಾಯಗಳು. ಬ್ಯಾಂಕಿನ ಚೆಕ್ಕನ್ನು ಪಾವತಿಗೆ ಮೊದಲು ತಡೆಹಿಡಿಯಬಹುದು. ಜಾಲದಲ್ಲಿ ಸ್ಥಿರಪಟ್ಟ ಪತ್ರವನ್ನು ಹಾಗೆ ಹಿಂದಕ್ಕೆ ಕರೆಯಲಾಗದು.

ಕ್ಲೌಡ್ ಭಂಡಾರವು ರಾಕ್ಷಸನ ಉಂಗುರವು ಪರರ ಕೈಸೇರದಂತೆ ಕಾಯಬಲ್ಲುದು. ಶಕಟದಾಸನ ಅಜ್ಞಾನವನ್ನು ಕಳೆಯುವ ಹೊಣೆಯು ಭಂಡಾರದ್ದಲ್ಲ. ಅದು ಪತ್ರವನ್ನು ಬರೆಯಿಸುವವರದು.